33 ಇನಿಂಗ್ಸ್ ಒಂದೇ ಹಾಳೆಯಲ್ಲಿ: ಕೊನೆಗೂ ತಾಳೆಯಾದ ಲೆಕ್ಕ

ವೃತ್ತಿಪರ ಬೇಸ್‌ಬಾಲ್‌ನ ಅತಿ ಉದ್ದದ ಪಂದ್ಯದ ಸ್ಕೋರ್ ಹಾಳೆ: 96 ಮತ್ತು 99, ಒಟ್ಟು 195 ಔಟ್. ನಾಲ್ಕನೇ ಕರಡಿನಲ್ಲಿ ಲೆಕ್ಕ ತಾಳೆಯಾಗಿದೆ. ಇನ್ನು ಶಾಯಿ ಹಾಕಬಹುದು.

ಪಾಟಕೆಟ್ ರೆಡ್ ಸಾಕ್ಸ್ ಮತ್ತು ರೋಚೆಸ್ಟರ್ ರೆಡ್ ವಿಂಗ್ಸ್ ನಡುವಿನ 1981ರ ಪಂದ್ಯ ಬೇಸ್‌ಬಾಲ್ ಸ್ಕೋರ್ ಬರೆಯುವವರಿಗೆಲ್ಲ ಗೊತ್ತಿರುವುದೇ. ಬೇಸ್‌ಬಾಲ್‌ನ ಒಂದು ಇನಿಂಗ್ಸ್‌ನಲ್ಲಿ ಎರಡೂ ತಂಡ ಒಂದೊಂದು ಸರದಿ ಬ್ಯಾಟ್ ಮಾಡುತ್ತವೆ, ಮೂರು ಔಟ್‌ಗೆ ಸರದಿ ಮುಗಿಯುತ್ತದೆ. ಅಮೆರಿಕದ ರೋಡ್ ಐಲೆಂಡ್‌ನ ಪುಟ್ಟ ಗಿರಣಿ ಊರಾದ ಪಾಟಕೆಟ್‌ನ ಮೆಕಾಯ್ ಸ್ಟೇಡಿಯಂನಲ್ಲಿ ಏಪ್ರಿಲ್ 18ರ ರಾತ್ರಿ ಶುರುವಾದದ್ದು ಮರುದಿನ ಬೆಳಗಿನ ಜಾವ 4:07ಕ್ಕೆ, 32 ಇನಿಂಗ್ಸ್ ಮುಗಿದು 2–2 ಇದ್ದಾಗ ನಿಂತಿತು. ಬಂದಿದ್ದ 1,740 ಜನರಲ್ಲಿ ಆಗ ಉಳಿದಿದ್ದವರು 19. ಆಟಗಾರರೇ ಪ್ರೇಕ್ಷಕರಿಗಿಂತ ಹೆಚ್ಚು! ಮಿಕ್ಕ ಆಟ ನಡೆದದ್ದು ಜೂನ್ 23ಕ್ಕೆ, 5,746 ಜನರ ಮುಂದೆ, ಬರೀ 18 ನಿಮಿಷ. ಒಟ್ಟು 8 ಗಂಟೆ 25 ನಿಮಿಷದ ಈ ಆಟವನ್ನು ಹರಿದು ಅಂಟಿಸದೆ ಒಂದೇ ಹಾಳೆಯಲ್ಲಿ ತೋರಿಸಬೇಕು ಎನ್ನುವುದು ಈ ಕೆಲಸದ ಗುರಿ.

ಹಾಳೆಯ ಅಳತೆ ಕಷ್ಟವಾಗಲಿಲ್ಲ. ಎ2 ಅಡ್ಡ, 594 × 420 ಮಿ.ಮೀ. ಇನಿಂಗ್ಸ್‌ಗೆ 14 ಮಿ.ಮೀ.ನಂತೆ 33 ಅಂಕಣಕ್ಕೆ 462, ಹೆಸರಿಗೆ 70, ಮೊತ್ತದ ಐದು ಅಂಕಣಕ್ಕೆ 45. ಸೇರಿ 577. ಎತ್ತರದಲ್ಲಿ ಒಬ್ಬ ಬ್ಯಾಟರ್‌ಗೆ 18 ಮಿ.ಮೀ., ಬದಲಿ ಆಟಗಾರರ ಹೆಸರೂ ಅಲ್ಲೇ. ಎರಡು ತಂಡಕ್ಕೆ 324. ಪಿಚರ್‌ಗಳ (ಚೆಂಡು ಎಸೆಯುವವರ) ಪಟ್ಟಿಗಳು ಕೆಳಗೆ ಅಕ್ಕಪಕ್ಕ.

ತಲೆ ತಿಂದದ್ದು ಆ ಪಿಚರ್ ಪಟ್ಟಿ.

ಪಂದ್ಯದ ಅಂಕಿ ಪಟ್ಟಿಯಾದ ಬಾಕ್ಸ್ ಸ್ಕೋರ್ ಪ್ರಕಾರ ಎಸೆದ ಇನಿಂಗ್ಸ್: ರೋಚೆಸ್ಟರ್ ಕಡೆ ಲ್ಯಾರಿ ಜೋನ್ಸ್ 8.2, ಜೆಫ್ ಶ್ನೈಡರ್ 5.1, ಸ್ಟೀವ್ ಲೂಬರ್ 8, ಜಿಮ್ ಅಂಬಾರ್ಗರ್ 10, ಸ್ಟೀವ್ ಗ್ರಿಲ್ಲಿ 0, ಕ್ಲಿಫ್ ಸ್ಪೆಕ್ 0. ಪಾಟಕೆಟ್ ಕಡೆ ಡ್ಯಾನಿ ಪಾರ್ಕ್ಸ್ 6, ಲೂಯಿಸ್ ಅಪೊಂಟೆ 4, ಮ್ಯಾನಿ ಸಾರ್ಮಿಯೆಂಟೊ 4, ಮೈಕ್ ಸ್ಮಿತ್ಸನ್ 3.2, ವಿನ್ ರೆಮರ್ಸ್‌ವಾಲ್ 4.1, ಜೋಯಲ್ ಫಿಂಚ್ 5, ಬ್ರೂಸ್ ಹರ್ಸ್ಟ್ 5, ಬಾಬ್ ಒಹೀಡಾ 1. ಸ್ಪ್ರೆಡ್‌ಶೀಟ್ ಕೂಡಿಸಿಕೊಟ್ಟದ್ದು 31.3 ಮತ್ತು 32.3.

ಕ್ರಿಕೆಟ್ ಸ್ಕೋರ್ ಬರೆದು ಬಲ್ಲವರು ತಪ್ಪನ್ನು ಕೂಡಲೇ ಹಿಡಿಯುತ್ತಾರೆ. 8.2 ಓವರ್ ಎಂದರೆ ಎಂಟು ಓವರ್, ಎರಡು ಎಸೆತ. ಇಲ್ಲಿ ಎಂಟು ಇನಿಂಗ್ಸ್, ಎರಡು ಔಟ್. ಚುಕ್ಕಿಯ ಆಚೆಗಿರುವುದು ದಶಮಾಂಶವಲ್ಲ, ಮೂರರಲ್ಲಿ ಎಷ್ಟು ಎನ್ನುವುದು. ಇಷ್ಟು ಗೊತ್ತಿದ್ದೂ ಮೂರು ಕರಡುಗಳ ತನಕ ತಪ್ಪು ಅಡಗಿ ಕೂತದ್ದಕ್ಕೆ ಕಾರಣವಿದೆ. ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿಕೊಂಡಿದ್ದ ಪರೀಕ್ಷೆ ಎರಡು ತಂಡಗಳ ವ್ಯತ್ಯಾಸವನ್ನು ಮಾತ್ರ ನೋಡುತ್ತಿತ್ತು. ಎರಡೂ ಕಡೆ ಒಂದು .2, ಒಂದು .1 ಇರುವುದರಿಂದ ಎರಡರಲ್ಲೂ ಸರಿಯಾಗಿ 0.7 ಕಡಿಮೆ. ಪಾಟಕೆಟ್‌ನ ಕೊನೆಯ ಸರದಿಯಲ್ಲಿ ಯಾರೂ ಔಟ್ ಆಗದ ಕಾರಣ ವ್ಯತ್ಯಾಸ 1 ಬರಬೇಕಿತ್ತು, 1 ಬಂತು. ಪರೀಕ್ಷೆ ಪಾಸು, ಲೆಕ್ಕ ಫೇಲು.

ಪರಿಹಾರ ಎಂದರೆ ಇನಿಂಗ್ಸ್ ಕೂಡಿಸುವುದನ್ನೇ ಬಿಟ್ಟು ಔಟ್ ಕೂಡಿಸುವುದು. ಪೂರ್ಣ ಸಂಖ್ಯೆಗೆ ಮೂರರ ಗುಣಾಕಾರ, ಅದಕ್ಕೆ ಚುಕ್ಕಿಯ ಆಚೆಯ ಅಂಕಿ. ಸೂತ್ರ ಬರೆಯುವಾಗ ಆ ಭಾಗವನ್ನು 10ರಿಂದ ಗುಣಿಸಿ ಕಡ್ಡಾಯವಾಗಿ ರೌಂಡ್ ಮಾಡಿ. ಕಂಪ್ಯೂಟರಿಗೆ 8.2ರಲ್ಲಿ 8 ಕಳೆದರೆ ಸಿಗುವುದು 0.2ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ರೌಂಡ್ ಬದಲು ಕತ್ತರಿಸಿದರೆ ಎರಡು ಔಟ್ ಒಂದಾಗುತ್ತದೆ. ಈಗ ರೋಚೆಸ್ಟರ್ ಪಿಚರ್‌ಗಳು ತೆಗೆದ ಔಟ್ 26 + 16 + 24 + 30 = 96. ಪಾಟಕೆಟ್ 18 + 12 + 12 + 11 + 13 + 15 + 15 + 3 = 99.

ಇದರಿಂದ ಇನ್ನೊಂದು ಲಾಭವೂ ಸಿಕ್ಕಿತು. ಪಿಚರ್ ಬದಲಾದಾಗ ಎಳೆಯುವ ದಪ್ಪ ಗೆರೆಯ ಜಾಗ ತಾನಾಗಿ ಬರುತ್ತದೆ. ಜೋನ್ಸ್‌ಗೆ 26 ಔಟ್, ಆದ್ದರಿಂದ ಗೆರೆ 9ನೇ ಅಂಕಣದಲ್ಲಿ ಎರಡು ಔಟ್ ಆದ ಮೇಲೆ. ಸ್ಮಿತ್ಸನ್ ಮುಗಿಸುವಾಗ ಪಾಟಕೆಟ್‌ನ ಮೊತ್ತ 53, ಅಂದರೆ 18ನೇ ಅಂಕಣ, ಎರಡು ಔಟ್. ಆದರೆ ಔಟ್ ತೆಗೆಯದೆ ಹೋದ ಪಿಚರ್ ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅವರಿಗಾಗಿ ಎದುರಿಸಿದ ಬ್ಯಾಟರ್‌ಗಳ ಅಂಕಣ ಬೇಕೇ ಬೇಕು: ಗ್ರಿಲ್ಲಿಗೆ 3, ಸ್ಪೆಕ್‌ಗೆ 1.

ಆ ನಾಲ್ಕು ಬ್ಯಾಟರ್‌ಗಳೇ 33ನೆಯ ಅಂಕಣದ ಕಥೆ. ಮಾರ್ಟಿ ಬ್ಯಾರೆಟ್‌ಗೆ ಚೆಂಡು ಬಡಿದು ಮೊದಲ ಬೇಸ್ (ರನ್ ದಾರಿಯ ಮೊದಲ ನಿಲುಗಡೆ) ಸಿಕ್ಕಿತು, ಚಿಕೊ ವಾಕರ್ ಸಿಂಗಲ್ (ಹೊಡೆದು ಮೊದಲ ಬೇಸ್ ತಲುಪುವುದು), ರಸ್ ಲ್ಯಾರಿಬೀಗೆ ಬೇಕೆಂದೇ ಕೊಟ್ಟ ವಾಕ್ (ಹೊಡೆಯದೆಯೇ ಸಿಗುವ ಮೊದಲ ಬೇಸ್), ಡೇವ್ ಕೋಜಾ ಸಿಂಗಲ್, ಬ್ಯಾರೆಟ್ ಮನೆಗೆ, ಅಂದರೆ ಗೆಲುವಿನ ರನ್. ಔಟ್ ಸೊನ್ನೆ. ಹಾಗಾಗಿ 33ನ್ನು 6ರಿಂದ ಗುಣಿಸಿ 198 ಬರೆದರೆ ತಪ್ಪು. ಬೇಸ್‌ನಲ್ಲಿ ಉಳಿದವರು ಎರಡು ಎಂದು ಬರೆಯುವುದೂ ಸುಲಭದ ತಪ್ಪು. ನಾಲ್ವರು ಬಂದರು, ಒಬ್ಬ ರನ್ ಮಾಡಿದ, ಯಾರೂ ಔಟ್ ಇಲ್ಲ. ಕೋಜಾನನ್ನೂ ಸೇರಿಸಿ ಉಳಿದವರು ಮೂರು. ಇಡೀ ಪಂದ್ಯಕ್ಕೆ ಈ ತಾಳೆ ಹೀಗಿರಬೇಕು: ಪಾಟಕೆಟ್‌ನ ಒಟ್ಟು ಬ್ಯಾಟಿಂಗ್ ಸರದಿಯಲ್ಲಿ 99 ಕಳೆದರೆ (96 ಔಟ್, 3 ರನ್), ರೋಚೆಸ್ಟರ್‌ನದರಲ್ಲಿ 101 ಕಳೆದರೆ (99 ಔಟ್, 2 ರನ್), ಉಳಿಯುವುದು ಬೇಸ್‌ನಲ್ಲಿ ನಿಂತವರ ಸಂಖ್ಯೆ. ಒಂದು ವ್ಯತ್ಯಾಸ ಬಂದರೂ ಪೆನ್ ಮುಟ್ಟಬೇಡಿ.

ಪ್ರಿಂಟ್ ಅಂಗಡಿಗಳ ಬಗ್ಗೆ ಒಂದು ಗೋಳು. ಎಷ್ಟು ಹೇಳಿದರೂ 'ಫಿಟ್ ಟು ಪೇಜ್' ಒತ್ತಿಬಿಡುತ್ತಾರೆ, 14 ಮಿ.ಮೀ. ಅಂಕಣ 13.6 ಆಗುತ್ತದೆ. ಒಂದು ಅಂಕಣ ಅಳೆದರೆ ಗೊತ್ತೇ ಆಗುವುದಿಲ್ಲ. 33 ಸೇರಿದರೆ 13 ಮಿ.ಮೀ. ಮಾಯ. ಹಣ ಕೊಡುವ ಮೊದಲು ಸ್ಟೀಲ್ ಸ್ಕೇಲ್ ಇಟ್ಟು ಪೂರ್ತಿ 462 ಅಳೆಯಿರಿ. ಹೊಳಪಿನ ಕಾಗದವೂ ಬೇಡ, ಅದರ ಮೇಲೆ ಜೆಲ್ ಪೆನ್ ಉಜ್ಜಿಹೋಗುತ್ತದೆ. ಸಣ್ಣ ಚೌಕಕ್ಕೆ 0.3ರ ಪಿಗ್ಮೆಂಟ್ ಪೆನ್ ಸಾಕು.

ಶಾಯಿ ಒಣಗುವಷ್ಟರಲ್ಲಿ ಮುಂದಿನದಕ್ಕೆ ಮನಸ್ಸು ಹಾರಿದೆ: ಮೆಕಾಯ್ ಸ್ಟೇಡಿಯಂನ ಮಾದರಿ. ಪಾಟಕೆಟ್ ತಂಡ 2021ರಲ್ಲಿ ವುಸ್ಟರ್ ಊರಿಗೆ ಹೋಯಿತು, ಆದ್ದರಿಂದ ಆ ಅಂಗಳ ಮಾದರಿಯಲ್ಲಾದರೂ ಉಳಿಯಬೇಕು. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ಬೇಲಿಗೆ ಎರಡು ಬದಿಯಲ್ಲಿ 325 ಅಡಿ, ನಡುವೆ 400. 1:200ರಲ್ಲಿ ನಡುವಿನ ಉದ್ದವೇ 61 ಸೆಂ.ಮೀ., ಎ1 ಹಲಗೆಯ ಅಗಲ ದಾಟುತ್ತದೆ. 1:250 ಆದರೆ 48.8, ಹೋಮ್ ಪ್ಲೇಟ್ ಹಿಂದಿನ ಜಾಗಕ್ಕೂ ಎಡೆ ಉಳಿಯುತ್ತದೆ. ಅಲ್ಲಿ ಡಗ್‌ಔಟ್‌ಗಳು ಪ್ರೇಕ್ಷಕರ ಆಸನಗಳ ಅಡಿಯಲ್ಲಿದ್ದವು, ಹಸ್ತಾಕ್ಷರ ಬೇಕಾದವರು ಕತ್ತರಿಸಿದ ಹಾಲಿನ ಡಬ್ಬದಲ್ಲಿ ಚೆಂಡು, ಪೆನ್ ಇಟ್ಟು ದಾರ ಕಟ್ಟಿ ಕೆಳಗೆ ಬಿಡುತ್ತಿದ್ದರು. 1:250ಕ್ಕೆ ಆ ಡಬ್ಬ ಒಂದು ಮಿ.ಮೀ. ಬಂದೀತು. ಸದ್ಯಕ್ಕೆ ಸಾಬೂದಾನಿ ಪುಡಿಯ ಕಾಳು, ತಾಮ್ರದ ಎಳೆ ಎಂದು ಯೋಚನೆ. ಹೊಲಿಗೆ ದಾರದ ನಾರು ಆ ಅಳತೆಗೆ ಹಗ್ಗದಂತೆ ಕಾಣುತ್ತದೆ.