ಅರಕು ಕಾಫಿ ನೋಡೋಕೆ ಮುಂಬೈಯಿಂದ ಹೊರಡೋರಿಗೆ

ನಮ್ಮದು ಮೂಡಿಗೆರೆ ಕಡೆ, ಡೊಂಬಿವಲಿಗೆ ಬಂದು 14 ವರ್ಷ ಆಯ್ತು. ಊರಲ್ಲಿ ಅಪ್ಪನಿಗೆ ಎರಡು ಎಕರೆ ಕಾಫಿ ತೋಟ, ಹಣ್ಣು ಕುಯ್ದು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡಿ ಮಾರೋದು ಅಷ್ಟೇ, ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರು, ತೊಟ್ಟಿ, ನೀರು ಅಂತ ಇಷ್ಟು ಸಣ್ಣ ತೋಟಕ್ಕೆ ಯಾರು ಮಾಡ್ತಾರೆ ಅಂತ ಅವರ ಮಾತು. ಆಂಧ್ರದ ಅರಕು ಕಣಿವೆಯಲ್ಲಿ ಒಂದೆರಡು ಎಕರೆಯ ಆದಿವಾಸಿ ರೈತರೇ ಹಣ್ಣನ್ನ ಒಂದು ಕಡೆ ಸೇರಿಸಿ ವಾಶ್ಡ್ ಅರೇಬಿಕಾ, ಅಂದ್ರೆ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಅರೇಬಿಕಾ ಜಾತಿ ಕಾಫಿ, ತೆಗೀತಾರೆ ಅಂತ ಗೊತ್ತಾದಾಗ ನೋಡ್ಲೇಬೇಕು ಅನ್ನಿಸ್ತು, ಡಿಸೆಂಬರಲ್ಲಿ ಹೋಗಿ ಬಂದೆ.

ಹೋಗೋದಾದ್ರೆ ನವೆಂಬರ್‌ನಿಂದ ಜನವರಿ ಒಳಗೆ ಹೋಗಿ, ಆಗ್ಲೇ ಕುಯ್ಲು. ಕೋಣಾರ್ಕ್ ಎಕ್ಸ್‌ಪ್ರೆಸ್ ಕಲ್ಯಾಣದಲ್ಲೇ ಹತ್ತಬಹುದು, ರಾತ್ರಿ ಕಲಬುರಗಿ ದಾಟಿ ಮಾರನೇ ದಿನ ಪೂರ್ತಿ ರೈಲಲ್ಲೇ ಕೂತು ವಿಶಾಖಪಟ್ಟಣ. ರಿಸರ್ವೇಶನ್ ಈಗ 60 ದಿನ ಮುಂಚೆ ಓಪನ್ ಆಗುತ್ತೆ, ಡಿಸೆಂಬರ್ ರಜೆಗೆ ಮೊದಲ ದಿನವೇ ಮಾಡಿಸ್ಕೊಳ್ಳಿ. ಅಲ್ಲಿಂದ ಬೆಳಿಗ್ಗೆ ಕಿರಂದೂಲ್ ಪ್ಯಾಸೆಂಜರ್, ಸಾಲು ಸಾಲು ಸುರಂಗ ದಾಟ್ಕೊಂಡು ನಾಲ್ಕು ಗಂಟೆಯಲ್ಲಿ ಅರಕು. ಗಾಜಿನ ಬೋಗಿ ಸಿಕ್ರೆ ಚೆನ್ನ, ಸಿಗದಿದ್ರೂ ಕಿಟಕಿ ಸೀಟು ಸಾಕು. ರಾತ್ರಿ ಚಳಿ ಜೋರು, ಸ್ವೆಟರ್ ಮರೀಬೇಡಿ.

ನಾನು ಮಾಡಿದ ತಪ್ಪು ಹೇಳ್ತೀನಿ. ಆಟೋದವನು ಸೀದಾ ಕಾಫಿ ಮ್ಯೂಸಿಯಂ, ಆಮೇಲೆ ಸಕ್ಕರೆ ಪಾಕದಂಥ ಕಾಫಿ ಕೊಡೋ ಅಂಗಡಿಗೆ ಕರ್ಕೊಂಡು ಹೋದ, ಮಾರನೇ ದಿನ ಅನಂತಗಿರಿ ಕಡೆ ಒಂದು ಹಳ್ಳಿಗೆ ಬೆಳಿಗ್ಗೆ ಹತ್ತಕ್ಕೇ ಹೋದ್ರೆ ಪಲ್ಪಿಂಗ್ ಶೆಡ್ಡಲ್ಲಿ ನರಪಿಳ್ಳೆ ಇಲ್ಲ. ಜೊತೆಗಿದ್ದ ನಮ್ಮ ಬಿಲ್ಡಿಂಗಿನ ಬಳ್ಳಾರಿ ಅಕ್ಕ ನಕ್ಕುಬಿಟ್ರು, "ತಮ್ಮಾ, ಮಂದಿ ಎಲ್ಲಾ ಹಣ್ಣು ಬಿಡಿಸಾಕ ಹೋಗ್ಯಾರ, ಸಂಜಿಗೆ ಬರಬೇಕಿತ್ತು ನಾವು." ಮಲೆನಾಡಲ್ಲಿ ಹುಟ್ಟಿದವನಿಗೆ ಇದು ಗೊತ್ತಿರಬೇಕಿತ್ತು. ಅವರ ತೆಲುಗು ಇಲ್ದಿದ್ರೆ ನನ್ನ ಕಥೆ ಅಲ್ಲಿಗೇ ಮುಗೀತಿತ್ತು, ತೆಲುಗು ಬರೋರು ಒಬ್ರು ಜೊತೆಗಿರ್ಲಿ.

ಸಂಜೆ ಮತ್ತೆ ಹೋದ್ವಿ. ಮೂಟೆ ಮೂಟೆ ಹಣ್ಣು ಬಂದು ಬೀಳ್ತಿತ್ತು, ಕಾಯಿ ಬೆರೆತಿದ್ರೆ ಆರಿಸಿ ವಾಪಸ್ ಕೊಡ್ತಾರೆ, ಮುಲಾಜಿಲ್ಲ. ನೀರಿಗೆ ಹಾಕಿ ತೇಲಿದ್ದನ್ನ ತೆಗೆದು, ಮುಳುಗಿದ್ದನ್ನ ಪಲ್ಪರ್‌ಗೆ ಬಿಟ್ಟು ಸಿಪ್ಪೆ ಸುಲಿದು, ಅಂಟಂಟು ಬೀಜನ ತೊಟ್ಟಿಯಲ್ಲಿ ಹುಳಿಯೋಕೆ ಬಿಡೋದು, ಚಳಿ ಇದ್ರೆ ಒಂದೂವರೆ ದಿನ ತನಕ. ಹುಳಿದಿದ್ದು ಸಾಕಾ ಅಂತ ನೋಡೋಕೆ ಮೀಟರ್ ಗೀಟರ್ ಏನಿಲ್ಲ. ಹಿಂದಿನ ದಿನದ ತೊಟ್ಟಿಯಿಂದ ಒಬ್ಬ ಹೆಂಗಸು ಒಂದು ಹಿಡಿ ಎತ್ತಿ ಉಜ್ಜಿ ನನ್ನ ಕೈಗೂ ಹಾಕಿದ್ರು, ಜಾರ್ತಾ ಇರ್ಲಿಲ್ಲ, ಹೊಳೆ ಮರಳಿನ ಥರ ಗರಗರ ಅಂತಿತ್ತು. ಹಾಗಂದ್ರೆ ತೊಳೆಯೋ ಟೈಮು. ಆಮೇಲೆ ನೆಲಕ್ಕೆ ತಾಗದ ಹಾಗೆ ಬಲೆ ಮಂಚದ ಮೇಲೆ ಒಣಗಿಸೋದು, ತೇವ ಸುಮಾರು 11 ಪರ್ಸೆಂಟ್‌ಗೆ ಇಳಿಯೋ ತನಕ.

ಕೊಳ್ಳೋವಾಗ ಪುಡಿ ತಗೋಬೇಡಿ, ಹುರಿದ ದಿನಾಂಕ ಬರೆದಿರೋ ಬೀಜ ತಗೊಳ್ಳಿ. ನಮ್ಮ ದೇಶದ ಗ್ರೇಡಲ್ಲಿ ಪ್ಲಾಂಟೇಶನ್ ಅಂದ್ರೆ ವಾಶ್ಡ್ ಅರೇಬಿಕಾ, ಅರೇಬಿಕಾ ಚೆರಿ ಅಂದ್ರೆ ಹಾಗೇ ಒಣಗಿಸಿದ್ದು, ಇದು ಗೊತ್ತಿದ್ರೆ ಯಾರೂ ಟೋಪಿ ಹಾಕಲ್ಲ. 2019ರಲ್ಲಿ ಅರಕು ಅರೇಬಿಕಾಗೆ ಜಿಐ ಟ್ಯಾಗ್ (ಇದು ಇಂಥ ಊರಿನದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, ನಮ್ಮ ಚಿಕ್ಕಮಗಳೂರಿನದಕ್ಕೂ ಅದೇ ವರ್ಷ.

ಬಂದ ಮೇಲೆ ಮಾಟುಂಗಾದಲ್ಲಿ ಪುಡಿ ಮಾಡಿಸೋಕೆ ಕೊಟ್ರೆ ಅಂಗಡಿಯವರು ಕೇಳಿದ್ದೇ ಚಿಕೋರಿ ಎಷ್ಟು ಅಂತ. ಬೇಡವೇ ಬೇಡ ಅಂದೆ. ಮೊದಲ ಸಲ ಹಾಲಿಲ್ದೆ ಕುಡೀರಿ, ಕಿತ್ತಳೆ ಸಿಪ್ಪೆಯಂಥ ಒಂದು ಹುಳಿ ಇದೆ, ಹಾಲು ಬಿದ್ರೆ ಅದು ಮಾಯ. ಅಪ್ಪನಿಗೂ ಕಾಲು ಕೆಜಿ ಕೊರಿಯರ್ ಮಾಡಿದ್ದೆ. ಫೋನಲ್ಲಿ "ಇದೇನೋ, ಕಷಾಯ ಇದ್ದಂಗಿದೆ" ಅಂದ್ರು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಾ, ಆ ಪಲ್ಪರ್‌ಗೆ ಎಷ್ಟು ಮನೆ ಹಣ್ಣು ಬರುತ್ತೆ ಅಂತ ಕೇಳ್ದ್ಯಾ?"

ಕೇಳಿರ್ಲಿಲ್ಲ. ನೀವು ಹೋದ್ರೆ ಕೇಳ್ಕೊಂಡು ಬನ್ನಿ.