ಬಾರ್‌ಬೆಲ್ಲೂ ಬೇಕು, ಮ್ಯಾರಥಾನೂ ಬೇಕು: ನವೆಂಬರ್ ತಿಂಗಳ ಲೆಕ್ಕ

ಮುಂಬೈ ಮ್ಯಾರಥಾನ್ ಇರುವುದು ಜನವರಿಯ ಮೂರನೇ ಭಾನುವಾರ. ನನ್ನ ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟ, ಈಗ 26 ಕಿಲೋಮೀಟರಿಗೆ ಬಂದಿದೆ. ಡೆಡ್‌ಲಿಫ್ಟ್, ಅಂದರೆ ನೆಲದಿಂದ ಬಾರ್‌ಬೆಲ್ ಎತ್ತಿ ನಿಲ್ಲುವುದು, 100 ಕೆಜಿಯಲ್ಲೇ ನಿಂತಿದೆ. ಇಳಿದಿಲ್ಲವಲ್ಲ, ಸದ್ಯಕ್ಕೆ ಅಷ್ಟು ಸಾಕು.

ಈ ತಿಂಗಳು ವಾರದ ಜೋಡಣೆಯನ್ನೇ ಬದಲಾಯಿಸಿದೆ. ಒಂದು ದಿನ ಓಟ, ಮರುದಿನ ಜಿಮ್ ಅಂತ ಹಂಚಿಕೊಳ್ಳುವವರೇ ಜಾಸ್ತಿ. ನೋಡೋಕೆ ಸರಿಯಾದ ಪಾಲು, ಆದರೆ ಕಾಲಿಗೆ ರಜೆಯೇ ಸಿಗುವುದಿಲ್ಲ. ಹಾಗಾಗಿ ಈಗ ಕಷ್ಟದ್ದೆಲ್ಲ ಒಂದೇ ದಿನ. ಮಂಗಳವಾರ ಬೆಳಿಗ್ಗೆ ಇಂಟರ್ವಲ್ (ಸ್ವಲ್ಪ ಜೋರು ಓಟ, ಸ್ವಲ್ಪ ಸುಧಾರಿಕೆ, ಮತ್ತೆ ಜೋರು), ಸಂಜೆ ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್. ಬುಧವಾರ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮಾತಾಡಿಕೊಂಡು ಓಡುವಷ್ಟು ನಿಧಾನ. ಶುಕ್ರವಾರ ಎದೆ, ಬೆನ್ನು, ಭುಜ ಮಾತ್ರ. ಶನಿವಾರ ಏನೂ ಇಲ್ಲ.

ಓಟ ಶಕ್ತಿಯನ್ನು ತಿಂದುಹಾಕುತ್ತದೆ ಅಂತ ಜಿಮ್‌ನಲ್ಲಿ ದಿನಾ ಕೇಳುತ್ತೇವೆ. ಈ ಮಾತಿಗೆ ಬಲ ಕೊಟ್ಟಿದ್ದು ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಪ್ರಯೋಗ. ಎರಡನ್ನೂ ಒಟ್ಟಿಗೆ ಮಾಡಿದವರ ಬಲ ಏಳು ವಾರದ ತನಕ ಏರಿತು, ಆಮೇಲೆ ನಿಂತಿತು, ಹತ್ತನೇ ವಾರದ ಹೊತ್ತಿಗೆ ಇಳಿಯಿತು. ಆದರೆ ಅವರು ಮಾಡಿದ್ದೆಷ್ಟು ನೋಡಿ: ವಾರಕ್ಕೆ ಐದು ದಿನ ವೇಟ್ಸ್, ಆರು ದಿನ ಜೋರು ಸೈಕಲ್ ಮತ್ತು ಓಟ. ನಮ್ಮಂಥ ಕೆಲಸಕ್ಕೆ ಹೋಗುವವರಿಗೆ ಅಷ್ಟು ಪುರುಸೊತ್ತೆಲ್ಲಿದೆ? ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಪೆಟ್ಟು ಬಿದ್ದಿದ್ದು ಬಲಕ್ಕೆ, ದಮ್ಮಿಗಲ್ಲ. ಓಟಗಾರನಿಗೆ ಅದು ಒಳ್ಳೆ ಸುದ್ದಿ ಅಲ್ವಾ? 1999ರ ಫಿನ್ಲೆಂಡ್ ಅಧ್ಯಯನವಂತೂ ಇನ್ನೂ ಮುಂದೆ ಹೋಯಿತು. ಓಟದ ಒಂದು ಪಾಲು ತೆಗೆದು ಆ ಜಾಗದಲ್ಲಿ ಜಿಗಿತ, ಸ್ಪ್ರಿಂಟ್, ಚುರುಕಾದ ವೇಟ್ಸ್ ಮಾಡಿಸಿದರು. ಒಂಬತ್ತು ವಾರದಲ್ಲಿ 5 ಕಿಲೋಮೀಟರ್ ಸಮಯ ಸುಧಾರಿಸಿತು. ಆಕ್ಸಿಜನ್ ಬಳಸುವ ಗರಿಷ್ಠ ಸಾಮರ್ಥ್ಯ ಏರಿರಲಿಲ್ಲ, ಅದೇ ವೇಗಕ್ಕೆ ಬೇಕಾಗುವ ಆಕ್ಸಿಜನ್ ಕಡಿಮೆಯಾಗಿತ್ತು.

ಅದಕ್ಕೇ ‘ಓಡುವವರಿಗೆ ಹಗುರ ತೂಕ, ಜಾಸ್ತಿ ರೆಪ್ (ಎತ್ತುವ ಸಲ)’ ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಸಾವಿರಾರು ಹಗುರ ರೆಪ್ ರಸ್ತೆ ಮೇಲೆಯೇ ಆಗುತ್ತವೆ. ಜಿಮ್‌ನಲ್ಲಿ ಭಾರ ಬೇಕು. ಐದೈದು ರೆಪ್, ಮೂರು ಸೆಟ್, ನಡುವೆ ಮೂರು ನಿಮಿಷ ಸುಮ್ನೆ ಕೂರುವುದು. ಟ್ರೈನರ್ ಹುಡುಗ ಮಾತ್ರ ‘ಸಾರ್, ಇನ್ನೊಂದೆರಡು ಹೊಡೀರಿ’ ಅನ್ನುವುದನ್ನು ಬಿಟ್ಟಿಲ್ಲ.

ಮೀನಖಂಡದ ಕೆಲಸ ಮನೆಯಲ್ಲೇ. ಓಡುವಾಗ ಅದರ ಮೇಲೆ ಬೀಳುವ ಹೊರೆ ಮೈತೂಕದ ಹಲವು ಪಟ್ಟು. ಬೆಳಿಗ್ಗೆ ಹಾಲು ಒಲೆ ಮೇಲಿಟ್ಟು, ಅಡುಗೆಮನೆ ಹೊಸಿಲ ಮೇಲೆ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಮಂಡಿ ಸ್ವಲ್ಪ ಬಾಗಿಸಿ. ಹಾಲು ಉಕ್ಕುವ ಹೊತ್ತಿಗೆ ಎರಡೂ ಕಾಲು ಉರಿಯುತ್ತಿರುತ್ತವೆ.

ನಿಜವಾಗಿ ಕಾಲು ಹಿಡಿಸಿದ್ದು ಚಾಮುಂಡಿ ಬೆಟ್ಟ. ಹತ್ತಿದ್ದಲ್ಲ, ರಸ್ತೆಯಲ್ಲಿ ಓಡುತ್ತಾ ಇಳಿದಿದ್ದು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ನೋವು ಅವತ್ತು ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಇಂಡಿಯನ್ ಟಾಯ್ಲೆಟ್‌ನಿಂದ ಏಳುವಾಗ ಗೋಡೆ ಹಿಡಿಯಬೇಕಾಯಿತು. ಎರಡನೇ ಸಲಕ್ಕೆ ಅಷ್ಟು ನೋವಿರಲಿಲ್ಲ, ಸ್ನಾಯು ಬೇಗ ಒಗ್ಗಿಕೊಳ್ಳುತ್ತದೆ. ಈಗ ಬೆಟ್ಟ ಇಳಿಯುವುದನ್ನೂ ವೇಟ್ಸ್ ಲೆಕ್ಕಕ್ಕೇ ಬರೆಯುತ್ತೇನೆ. ಬೆಟ್ಟ ಇದ್ದ ವಾರ ಸ್ಕ್ವಾಟ್ ಒಂದೇ ಸೆಟ್. ಮುಂಬೈನಲ್ಲಿ ಪೆಡ್ಡರ್ ರೋಡಿನ ಏರು ಬರುವುದು ಕೊನೆಯ ಹತ್ತು ಕಿಲೋಮೀಟರಿನೊಳಗೆ. ಏರಿದ ಮೇಲೆ ಅದನ್ನು ಇಳಿಯಲೂ ಬೇಕು.

ಊಟದಲ್ಲಿ ದೊಡ್ಡ ಬದಲಾವಣೆ ಇಲ್ಲ. ಮಂಗಳವಾರ ಮಧ್ಯಾಹ್ನ ಮುದ್ದೆ, ಹುರುಳಿ ಸಾರು, ಮೊಟ್ಟೆ ಹೆಚ್ಚಿಸಿದ್ದೇನೆ. ಬೆಳಿಗ್ಗೆ ಖಾಲಿಯಾದದ್ದನ್ನು ತುಂಬದೆ ಸಂಜೆ ಬಾರ್ ಎತ್ತಿದರೆ ಸೊಂಟವೇ ಮೊದಲು ಸೋಲುತ್ತದೆ.

ಡಿಸೆಂಬರ್‌ನಲ್ಲಿ ಲಾಂಗ್ ರನ್ 32ಕ್ಕೆ ಏರಿಸಬೇಕು. ಆಗ ತೂಕ ಇಳಿಸುವುದಿಲ್ಲ, ಸೆಟ್ ಕಡಿಮೆ ಮಾಡುತ್ತೇನೆ. ರೇಸ್‌ಗೆ ಹತ್ತು ದಿನ ಇರುವಾಗಿನಿಂದ ಕಾಲಿನ ವೇಟ್ಸ್ ಪೂರ್ತಿ ಬಂದ್. ಟ್ರೈನರ್‌ಗೆ ಇದನ್ನಿನ್ನೂ ಹೇಳಿಲ್ಲ.