ಹಳೆಯ ಟ್ರೇಲರ್, ದೂರದ ದಾರಿ

ಅಮೆರಿಕದ ಮಿಶಿಗನ್‌ನಲ್ಲಿ ಕೊಂಡ ಹಳೆಯ ದೋಣಿಯನ್ನು ಟೆನೆಸ್ಸೀವರೆಗೆ ಎಳೆದು ತರುವಾಗ, ದೋಣಿಗಿಂತ ಅದನ್ನು ಹೊತ್ತ ಟ್ರೇಲರಿನದೇ ನನಗೆ ಹೆಚ್ಚಿನ ಯೋಚನೆಯಾಗಿತ್ತು. ಮಾರುವವರು ಎಂಜಿನ್ನಿನ ಗುಣಗಾನದಲ್ಲಿ ತೊಡಗಿರುವಾಗ ಕೊಳ್ಳುವವರು ಬಗ್ಗಿ ಚಕ್ರಗಳನ್ನು ನೋಡುವುದು ಲೇಸು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಸಂಕೇತದ ಕೊನೆಯ 4 ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ. 2314 ಎಂದಿದ್ದರೆ 2014ರ 23ನೆಯ ವಾರ. ವರ್ಷದ ಬಹುಪಾಲು ನಿಂತೇ ಇರುವ ಟ್ರೇಲರಿನ ಟೈರು ಸವೆಯದೆಯೇ ಮುಪ್ಪಾಗುವುದರಿಂದ, ಅದರ ಆಳವಾದ ಗೆರೆಗಳನ್ನು ನಂಬಲಾಗದು.

ಬೇರಿಂಗುಗಳದು ಇನ್ನೂ ಸೂಕ್ಷ್ಮ ವಿಚಾರ. ದೂರ ಓಡಿ ಬಿಸಿಯಾದ ಹಬ್ಬನ್ನು (ಬೇರಿಂಗುಗಳಿರುವ, ಚಕ್ರದ ನಡುವಿನ ಭಾಗವನ್ನು) ದೋಣಿ ಇಳಿಸಲೆಂದು ತಣ್ಣೀರಿಗೆ ತಳ್ಳಿದಾಗ, ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ, ಸವೆದ ಸೀಲಿನ ಸಂದಿಯಿಂದ ನೀರನ್ನು ಸೆಳೆದುಕೊಳ್ಳುತ್ತದೆ. ಗ್ರೀಸ್ ಹಾಲಿನಂತೆ ಬೆಳ್ಳಗಾಗಿ, ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಹೊರಡುವ ಮೊದಲೇ ಎಲ್ಲವನ್ನೂ ಬಿಚ್ಚಿಸಿ ಹೊಸ ಗ್ರೀಸ್ ತುಂಬಿಸಿದೆ. ದಾರಿಯಲ್ಲಿ ನಿಂತಲ್ಲೆಲ್ಲ ಹಬ್ಬಿನ ಬಳಿ ಕೈಯೊಡ್ಡಿ ಶಾಖ ನೋಡುತ್ತಿದ್ದೆ (ಪೆಟ್ರೋಲ್ ಬಂಕಿನವರಿಗೆ ಇದು ವಿಚಿತ್ರವೆನಿಸಿರಬೇಕು). ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಮುಂದೆ ಹೋಗುವುದು ಅಪಾಯಕರ.

ದೋಣಿ ಸಹಿತ ಟ್ರೇಲರಿನ ಒಟ್ಟು ತೂಕದ ಸುಮಾರು ಶೇ 10ರಷ್ಟು, ಅದನ್ನು ಎಳೆಯುವ ವಾಹನಕ್ಕೆ ಜೋಡಿಸುವ ಕೊಂಡಿಯ ಮೇಲೆ ಬೀಳಬೇಕು. ತೀರಾ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಓಲಾಡತೊಡಗುತ್ತದೆ. ಹೆಚ್ಚುವರಿ ಟೈರಿನ ಜೊತೆಗೆ ಬೇರಿಂಗ್ ಜೋಡಿಸಿದ ಒಂದು ಹಬ್ಬನ್ನೂ ಒಯ್ಯುವುದು ಒಳ್ಳೆಯದು, ಏಕೆಂದರೆ ಹಳೆಯ ಟ್ರೇಲರಿನ ಅಳತೆಗೆ ಹೊಂದುವ ಭಾಗ ಭಾನುವಾರ ಸಂಜೆ ಹೆದ್ದಾರಿಯಲ್ಲಿ ಸಿಗುವುದು ಕಷ್ಟ.